ಲೆನ್ಸ್ ಅಂದ್ರೆ ನೀವು ಎಷ್ಟು ದೂರ ನಿಲ್ತೀರಿ ಅನ್ನೋ ಲೆಕ್ಕ

"ಅಣ್ಣ, ಕ್ಯಾಮೆರಾ ತಗೊಂಡೆ. ಯಾವ ಲೆನ್ಸ್ ಹಾಕ್ಲಿ?"

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತುತ್ತಾ ಫೋಟೊ, ವರದಿ ಮಾಡುವ ನನಗೆ ಇತ್ತೀಚೆಗೆ ಅತಿ ಹೆಚ್ಚು ಸಲ ಎದುರಾಗುವ ಪ್ರಶ್ನೆ ಇದು. ಕೇಳುವವರು ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಕೆಲವರು ವಿದ್ಯಾರ್ಥಿ ಸಂಘಟನೆಯವರು, ಕೆಲವರು ಯೂಟ್ಯೂಬ್ ಚಾನೆಲ್ ನಡೆಸುವವರು, ಇನ್ನು ಕೆಲವರು ತಮ್ಮೂರಿನ ಸುದ್ದಿ ತಾವೇ ಬರೆಯಬೇಕು ಅಂತ ಹೊರಟವರು. ಕೈಯಲ್ಲಿ ಚಿಕ್ಕದೊಂದು ಮಿರರ್‌ಲೆಸ್ ಕ್ಯಾಮೆರಾ. ಜೇಬಿನಲ್ಲಿ ಉಳಿದಿರೋದು ಒಂದೇ ಒಂದು ಲೆನ್ಸ್‌ಗೆ ಆಗುವಷ್ಟು ದುಡ್ಡು.

2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಆರು ತಾಲ್ಲೂಕುಗಳಲ್ಲಿ ಹೊಸಪೇಟೆಗೆ ಹಂಪಿ ಇದೆ, ಜಗತ್ತಿನ ಕ್ಯಾಮೆರಾಗಳು ಅಲ್ಲಿಗೆ ಬರುತ್ತವೆ. ಉಳಿದ ಐದು ತಾಲ್ಲೂಕುಗಳು ನಮ್ಮವು. ಬರಗಾಲ, ಗುಳೆ, ದೇವದಾಸಿ ಪದ್ಧತಿ, ಜಾತ್ರೆ. ಹೊರಗಿನವರು ನಮ್ಮ ಕಡೆ ಕ್ಯಾಮೆರಾ ತಿರುಗಿಸುವುದು ಇಷ್ಟಕ್ಕೇ. ಹೀಗಿರುವಾಗ ಇಲ್ಲಿನ ಮಕ್ಕಳೇ ಕ್ಯಾಮೆರಾ ಹಿಡಿಯುವುದು ಸಣ್ಣ ವಿಷಯವಲ್ಲ. ಆದ್ದರಿಂದ ಲೆನ್ಸ್ ಪ್ರಶ್ನೆಯೂ ಸಣ್ಣದಲ್ಲ.

ಅಂಗಡಿಯವರು ಲೆನ್ಸ್ ಅಂದ್ರೆ ಝೂಮ್ ಅಂತಾರೆ. ನನ್ನ ಪ್ರಕಾರ ಲೆನ್ಸ್ ಅಂದ್ರೆ ದೂರ. ನೀವು ಒಬ್ಬ ಮನುಷ್ಯರಿಂದ ಎಷ್ಟು ಅಡಿ ದೂರ ನಿಲ್ತೀರಿ ಅನ್ನೋದನ್ನ ಮೊದಲು ತೀರ್ಮಾನ ಮಾಡಿ. ಲೆನ್ಸ್ ತಾನಾಗಿಯೇ ತೀರ್ಮಾನವಾಗುತ್ತೆ.

ಅಡಿ ಲೆಕ್ಕ

ಫೋಕಲ್ ಲೆಂತ್ ಅನ್ನೋದನ್ನ ಎಂಎಂನಲ್ಲಿ ಹೇಳ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ನೋಟ ಕಿರಿದು. ಸೋನಿ ಎ6000 ಸರಣಿ, ನಿಕಾನ್ ಝಡ್30, ಫ್ಯೂಜಿಫಿಲ್ಮ್ ಎಕ್ಸ್ ಸರಣಿಯಂಥ ಪುಟ್ಟ ಕ್ಯಾಮೆರಾಗಳಲ್ಲಿ ಇರೋದು ಎಪಿಎಸ್-ಸಿ ಸೆನ್ಸರ್. ಅದು ಫುಲ್‌ಫ್ರೇಮ್‌ಗಿಂತ ಚಿಕ್ಕದು. ಹಾಗಾಗಿ ಲೆನ್ಸ್ ಮೇಲಿನ ಸಂಖ್ಯೆಯನ್ನು 1.5ರಿಂದ ಗುಣಿಸಿದರೆ ಫುಲ್‌ಫ್ರೇಮ್ ಲೆಕ್ಕದ ನೋಟ ಸಿಗುತ್ತದೆ. ಕ್ಯಾನನ್ ಆರ್50ರಂಥವುಗಳಿಗೆ 1.6, ಮೈಕ್ರೊ ಫೋರ್ ಥರ್ಡ್ಸ್‌ಗೆ 2. ಅಂದ್ರೆ ಎಪಿಎಸ್-ಸಿಯಲ್ಲಿ 30 ಎಂಎಂ ಹಾಕಿದರೆ ಫುಲ್‌ಫ್ರೇಮ್‌ನ 45 ಎಂಎಂ ಇದ್ದಂತೆ.

ಈಗ ಇದನ್ನೇ ಅಡಿಗೆ ಇಳಿಸೋಣ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, ನಿಂತಿರುವ ಒಬ್ಬರನ್ನು ಪಾದದಿಂದ ತಲೆವರೆಗೆ ಫ್ರೇಮ್‌ನಲ್ಲಿ ತರಬೇಕು ಅಂದ್ಕೊಳ್ಳಿ. 16 ಎಂಎಂ ಆದರೆ ನೀವು ಸುಮಾರು 4 ಅಡಿ ದೂರದಲ್ಲಿರ್ತೀರಿ. 30 ಎಂಎಂ ಆದರೆ 8 ಅಡಿ. 50 ಎಂಎಂ ಆದರೆ 13 ಅಡಿ. 200 ಎಂಎಂ ಆದರೆ 50 ಅಡಿಗೂ ಹೆಚ್ಚು.

ನಾಲ್ಕು ಅಡಿ ಅಂದ್ರೆ ಕೈ ಚಾಚಿದರೆ ಮುಟ್ಟುವಷ್ಟು. ಎಂಟು ಅಡಿ ಅಂದ್ರೆ ಕಟ್ಟೆ ಮೇಲೆ ಕೂತು ಮಾತಾಡುವ ದೂರ. ಹದಿಮೂರು ಅಡಿಯಲ್ಲಿ ಸ್ವಲ್ಪ ದನಿ ಎತ್ತಬೇಕು. ಐವತ್ತು ಅಡಿಯಲ್ಲಿ ಮಾತೇ ಇಲ್ಲ. ಅಷ್ಟು ದೂರದಿಂದ ತೆಗೆದ ಫೋಟೊದಲ್ಲಿರುವವರಿಗೆ ತಮ್ಮ ಫೋಟೊ ಹೋಗಿದೆ ಅನ್ನೋದೂ ಗೊತ್ತಿರಲ್ಲ.

ಎಂಟಡಿ ಲೆನ್ಸ್

ನನ್ನನ್ನು ಕೇಳಿದರೆ ಮೊದಲ ಖರೀದಿ ಈ ಎಂಟಡಿ ಲೆನ್ಸೇ ಆಗಬೇಕು. 24ರಿಂದ 35 ಎಂಎಂ ಒಳಗಿನ, ಝೂಮ್ ಇಲ್ಲದ ಒಂದು ಪ್ರೈಮ್. ಸಿಗ್ಮಾ 30 ಎಂಎಂ ಎಫ್/1.4 ಹಲವು ಮೌಂಟ್‌ಗಳಿಗೆ ಸಿಗುತ್ತದೆ. ನಿಕಾನ್‌ನವರಿಗೆ 24 ಎಂಎಂ ಎಫ್/1.7 ಇದೆ, ತೂಕ ಬರೀ 135 ಗ್ರಾಂ. ಕ್ಯಾನನ್‌ನವರಿಗೆ 28 ಎಂಎಂ ಎಫ್/2.8 ಇದೆ, ಬಿಸ್ಕತ್ತಿನಷ್ಟು ತೆಳುವಾಗಿ ಜೇಬಿಗೆ ಹೋಗುತ್ತದೆ.

ಯಾಕೆ ಇದೇ? ಕೂಡ್ಲಿಗಿ, ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ಮಾಜಿ ದೇವದಾಸಿ ತಾಯಂದಿರಿದ್ದಾರೆ. ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅವರ ಮನೆ ಬಾಗಿಲಿಗೆ ಎಷ್ಟೋ ಕ್ಯಾಮೆರಾಗಳು ಬಂದು ಹೋಗಿವೆ. ಪಿಂಚಣಿ, ಮನೆ, ಮಕ್ಕಳ ಓದು, ಇವು ಅವರ ಪ್ರಶ್ನೆಗಳು. ಕ್ಯಾಮೆರಾ ಹುಡುಕುವುದು ಮಾತ್ರ ಕೊರಳ ಮುತ್ತು, ಕಣ್ಣೀರು. ಎಂಟಡಿ ಲೆನ್ಸ್ ಇದ್ದರೆ ನೀವು ಮರದ ಮರೆಯಿಂದ ಕ್ಲಿಕ್ ಮಾಡಲು ಆಗಲ್ಲ. ಹತ್ತಿರ ಹೋಗಬೇಕು, ಕೂರಬೇಕು, "ಅವ್ವ, ಫೋಟೊ ತೆಗಿಲೇನು?" ಅಂತ ಕೇಳಬೇಕು. ಮುಖ ಬರಬೇಕೋ, ಬರೀ ಕೈ ಸಾಕೋ ಅಂತ ಅವರೇ ಹೇಳ್ತಾರೆ. "ಬ್ಯಾಡಪ್ಪ" ಅಂದರೆ ಕ್ಯಾಮೆರಾ ಚೀಲಕ್ಕೆ ಹೋಗಬೇಕು. ಲೆನ್ಸೇ ಈ ಶಿಸ್ತನ್ನು ಹೇರುತ್ತದೆ.

ಉದ್ಯೋಗ ಖಾತ್ರಿ ಕೆಲಸದ ಜಾಗ ನೋಡಿ. ಎನ್‌ಎಂಎಂಎಸ್ ಆಪ್ ಹಾಜರಾತಿಯನ್ನು 2023ರ ಜನವರಿಯಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲಕ್ಕೂ ಕಡ್ಡಾಯ ಮಾಡಲಾಯಿತು. ಕೂಲಿ ಬೇಕೆಂದರೆ ದಿನಕ್ಕೆ ಎರಡು ಸಲ ಫೋಟೊಗೆ ನಿಲ್ಲಬೇಕಾಗಿ ಬಂತು. ಆ ಫೋಟೊಗೆ ಯಾರೂ ಅವರ ಅನುಮತಿ ಕೇಳಲಿಲ್ಲ. ಹೀಗೆ ಬಿಸಿಲಲ್ಲಿ ಸಾಲಾಗಿ ನಿಂತು ಬೇಸತ್ತವರ ಮುಂದೆ ನೀವೂ ಒಂದು ಕ್ಯಾಮೆರಾ ಹಿಡಿದು ಹೋಗ್ತೀರಿ. ನಿಮಗೂ ಆ ಆಪ್‌ಗೂ ಇರುವ ವ್ಯತ್ಯಾಸ ಏನು ಅಂತ ಅವರಿಗೆ ಕಾಣಬೇಕಲ್ವಾ? ಎಂಟಡಿ ದೂರದ ಮಾತುಕತೆಯಲ್ಲಿ ಅದು ಕಾಣುತ್ತೆ.

ಎಫ್ ಅಂದ್ರೆ ಬೆಳಕಿನ ಬಾಗಿಲು

ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಸಾಮಾನ್ಯವಾಗಿ 16–50 ಅಥವಾ 18–45 ಎಂಎಂ. ಹಗಲಿಗೆ ಇದು ಸಾಕು. ಪಂಚಾಯಿತಿ ಸಭೆ, ಪ್ರತಿಭಟನೆ, ಒಣಗಿದ ಮೆಕ್ಕೆಜೋಳದ ಹೊಲ, ಜಾಬ್ ಕಾರ್ಡಿನ ಪುಟ, ಎಲ್ಲಾ ಆಗುತ್ತೆ. ಅದನ್ನು ಮಾರಬೇಡಿ, ಬೈಯಲೂಬೇಡಿ.

ತೊಂದರೆ ಶುರುವಾಗೋದು ಸಂಜೆಗೆ. ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. ಕಿಟ್ ಲೆನ್ಸ್ ಝೂಮ್ ಮಾಡಿದಾಗ ಎಫ್/5.6 ಅಥವಾ 6.3ಕ್ಕೆ ಬಂದು ನಿಲ್ಲುತ್ತದೆ. ಎಫ್/1.4 ಲೆನ್ಸ್ ಎಫ್/5.6ಕ್ಕಿಂತ 16 ಪಟ್ಟು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಅಂದ್ರೆ ಕಿಟ್ ಲೆನ್ಸ್‌ನಲ್ಲಿ ಐಎಸ್‌ಒ 12800 ಬೇಕಾದ ಕಡೆ ಇಲ್ಲಿ 800 ಸಾಕು. ಮೊದಲನೆಯದರಲ್ಲಿ ಮುಖದ ಮೇಲೆಲ್ಲ ರವೆ ಚೆಲ್ಲಿದಂತೆ ಚುಕ್ಕಿಗಳು, ಎರಡನೆಯದರಲ್ಲಿ ಮುಖ ಮುಖದಂತೆಯೇ ಇರುತ್ತದೆ.

"ಲೆನ್ಸ್‌ನಲ್ಲೇ ಸ್ಟೆಬಿಲೈಸೇಷನ್ ಇದೆಯಲ್ಲ" ಅಂತ ಅಂಗಡಿಯಲ್ಲಿ ಹೇಳ್ತಾರೆ. ಅದು ನಿಮ್ಮ ಕೈ ನಡುಕ ತಡೆಯುತ್ತೆ, ಎದುರಿನವರ ಕೈ ಓಡಾಟ ತಡೆಯಲ್ಲ. ಹಡಗಲಿಯಲ್ಲಿ ಮಲ್ಲಿಗೆ ಕಟ್ಟುವ ಹೆಣ್ಣುಮಕ್ಕಳ ಬೆರಳು ನಿಮಗಾಗಿ ನಿಲ್ಲಲ್ಲ. ಅಲ್ಲಿ ಬೇಕಾದದ್ದು ವೇಗದ ಶಟರ್. ಅದಕ್ಕೆ ಬೇಕಾದದ್ದು ದೊಡ್ಡ ಬಾಗಿಲು. ರಾತ್ರಿ ಬಸ್ಸಿಗೆ ಗಂಟುಮೂಟೆ ಹಿಡಿದು ನಿಂತ ಗುಳೆ ಕುಟುಂಬ, ಬಾಗಳಿ ಕಲ್ಲೇಶ್ವರ ಗುಡಿಯ ಒಳಗಿನ ಕತ್ತಲೆ ಕಂಬಗಳು, ಎಲ್ಲದಕ್ಕೂ ಇದೇ ಉತ್ತರ. ಫ್ಲಾಶ್ ಹಾಕಿದರೆ ಬೆಳಕು ಸಿಗಬಹುದು, ಆದರೆ ಅಲ್ಲಿದ್ದ ರಾತ್ರಿ ಸತ್ತು ಹೋಗುತ್ತದೆ.

ದೂರವೇ ಮರ್ಯಾದೆ ಆಗುವ ಕಡೆ

ಹಾಗಾದ್ರೆ ಟೆಲಿ ಲೆನ್ಸ್ ಬೇಡವಾ? ಬೇಕು, ಬೇರೆ ಕೆಲಸಕ್ಕೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ ಸಿಕ್ಕಿತು. ನೀರಿನ ನಡುವಿನ ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಗೂಡಿನ ಹತ್ತಿರ ಹೋದರೆ ತಾಯಿ ಹಕ್ಕಿ ಎದ್ದು ಹೋಗುತ್ತದೆ, ಮೊಟ್ಟೆ ಮರಿ ಬಿಸಿಲಿಗೆ ಬೀಳುತ್ತವೆ. ಗುಡೇಕೋಟೆಯ ಕರಡಿಧಾಮಕ್ಕೂ ಇದೇ ಮಾತು. ಇಂಥ ಕಡೆ 50 ಅಡಿ ಕೂಡ ಹತ್ತಿರವೇ. ಹಕ್ಕಿಗೆ ದೂರ ಕೊಡುವುದು ಮರ್ಯಾದೆ.

ಜನರ ವಿಷಯದಲ್ಲೂ ಕೆಲವು ಕಡೆ ದೂರ ಬೇಕು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿಯುವಾಗ ಸುತ್ತ ಲಕ್ಷಾಂತರ ಜನ. ಒಂದು ಸಾಲು ನುಡಿದು ಅವರು ಕೆಳಗೆ ಬೀಳುತ್ತಾರೆ, ಎಲ್ಲ ಕೆಲವೇ ಕ್ಷಣ. ನೀವಿರುವ ಜಾಗ ನಿಮ್ಮ ಕೈಯಲ್ಲಿಲ್ಲ. ಅಲ್ಲಿ 55–210 ಅಥವಾ 50–250 ಎಂಎಂ ಬೇಕೇ ಬೇಕು. ಇಳಿಹೊತ್ತಿನ ಬೆಳಕು, ಲೆನ್ಸ್ ಎಫ್/6.3. ಐಎಸ್‌ಒ ಏರಿಸಲು ಹೆದರಬೇಡಿ, ಶಟರ್ 1/500ಕ್ಕಿಂತ ಇಳಿಸಬೇಡಿ.

ಕೊಟ್ಟೂರಿನ ಗುರು ಬಸವೇಶ್ವರ ರಥೋತ್ಸವದಲ್ಲಿ ಎರಡೂ ಬೇಕು. 2017ರ ಫೆಬ್ರವರಿಯಲ್ಲಿ ಎಳೆಯುತ್ತಿದ್ದಾಗಲೇ ತೇರು ಉರುಳಿ ಜನ ಗಾಯಗೊಂಡರು. ಅಗಲ ನೋಟದ ಲೆನ್ಸ್ ಹಾಕಿದವರನ್ನು ಅದು ಗಾಲಿ ಪಕ್ಕಕ್ಕೇ ಎಳೆಯುತ್ತದೆ. ತೇರಿನ ಫೋಟೊ ಮಾಳಿಗೆ ಮೇಲಿಂದ, ಟೆಲಿಯಲ್ಲಿ ತೆಗೀರಿ. ಆದರೆ ಇಲ್ಲಿ ದಲಿತ ಮಹಿಳೆಯರು ಆರತಿ ಬೆಳಗಿದ ಮೇಲೆಯೇ ಸ್ವಾಮಿ ತೇರಿಗೆ ಹೋಗುವ ಸಂಪ್ರದಾಯವಿದೆ. ಪತ್ರಿಕೆಗಳ ಮುಖಪುಟಕ್ಕೆ ಬರೋದು ತೇರು. ಆರತಿ ತಟ್ಟೆ ಹಿಡಿದ ಕೈಗೆ ಎಂಟಡಿ ಲೆನ್ಸ್ ಬೇಕು. ಯಾವುದನ್ನು ಚೀಲದಲ್ಲಿ ಇಟ್ಟುಕೊಂಡು ಹೊರಡ್ತೀರಿ ಅನ್ನೋದರ ಮೇಲೆ ಯಾರ ಕಥೆ ಬರುತ್ತೆ ಅನ್ನೋದೂ ನಿಂತಿದೆ.

ಜನ ಎಷ್ಟಿದ್ರು?

ರಾಜಕೀಯ ಸಭೆಗೆ ಹೋಗುವವರು ಇನ್ನೊಂದು ಮಾತು ತಿಳಿದಿರಬೇಕು. ದೂರ ನಿಂತು ಟೆಲಿಯಲ್ಲಿ ತೆಗೆದರೆ ಮುಂದಿನ ಸಾಲು, ಹಿಂದಿನ ಸಾಲು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. ಅರ್ಧ ಖಾಲಿ ಮೈದಾನವೂ ಜನಸಾಗರ. ಅದೇ ಸಭೆಯನ್ನು ಹತ್ತಿರ ಹೋಗಿ 16 ಎಂಎಂನಲ್ಲಿ ತೆಗೆದರೆ ಕುರ್ಚಿಗಳ ನಡುವಿನ ಜಾಗ ಅಗಲವಾಗಿ, ಹಿಂದಿನವರು ಚುಕ್ಕೆಗಳಾಗಿ ಕಾಣ್ತಾರೆ. 2020ರ ಏಪ್ರಿಲ್‌ನಲ್ಲಿ, ಕೊರೋನಾ ಕಾಲದಲ್ಲಿ, ಡೆನ್ಮಾರ್ಕ್‌ನ ಫೋಟೊ ಏಜೆನ್ಸಿಯ ಇಬ್ಬರು ಛಾಯಾಗ್ರಾಹಕರು ಒಂದೇ ಜಾಗದ ಜನರನ್ನು ಎರಡೂ ಬಗೆಯ ಲೆನ್ಸ್‌ನಲ್ಲಿ ತೆಗೆದು ತೋರಿಸಿದರು. ಒಂದರಲ್ಲಿ ಜನ ಮೈಗೆ ಮೈ ತಾಗಿಸಿ ನಿಂತಂತಿತ್ತು, ಇನ್ನೊಂದರಲ್ಲಿ ಸಾಕಷ್ಟು ಅಂತರ. ಎರಡೂ ಎಡಿಟ್ ಮಾಡದ ಫೋಟೊಗಳೇ.

ಇದರಿಂದ ಎರಡು ಪಾಠ. ನಿಮ್ಮ ಹೋರಾಟದ ಸಭೆಯಾದರೂ ಸರಿ, ಎದುರಾಳಿಯ ಸಭೆಯಾದರೂ ಸರಿ, ಎರಡಕ್ಕೂ ಒಂದೇ ಲೆನ್ಸ್ ಬಳಸಿ. ಮತ್ತೆ, ವಾಟ್ಸಾಪ್‌ನಲ್ಲಿ "ಜನಸಾಗರ" ಅಂತ ಬಂದಾಗ ಜನರನ್ನು ಎಣಿಸುವ ಮೊದಲು ಕ್ಯಾಮೆರಾ ಎಲ್ಲಿತ್ತು ಅಂತ ಕೇಳಿ.

ಅಗಲ ಲೆನ್ಸ್‌ಗೂ ಅದರದ್ದೇ ಅಪಾಯವಿದೆ. 16 ಎಂಎಂನಲ್ಲಿ ಒಬ್ಬರ ಮುಖದ ಹತ್ತಿರಕ್ಕೆ ನುಗ್ಗಿದರೆ ಮೂಗು ದೊಡ್ಡದಾಗಿ, ಅಂಚಿನಲ್ಲಿರುವವರ ತಲೆ ಸೊಟ್ಟಗಾಗಿ ಕಾಣುತ್ತದೆ. ಬಡವರನ್ನು ಹೀಗೆ ವಿಕಾರ ಮಾಡಿ ತೋರಿಸಿ "ಎಫೆಕ್ಟ್" ಅನ್ನುವವರಿದ್ದಾರೆ. ಅದು ಬೇಡ.

ದುಡ್ಡಿನ ಮಾತು

ಕ್ಯಾಮೆರಾ ಬಾಡಿ ನಾಲ್ಕೈದು ವರ್ಷಕ್ಕೆ ಹಳತಾಗುತ್ತೆ, ಒಳ್ಳೆ ಲೆನ್ಸ್ ಹದಿನೈದು ವರ್ಷ ಬಾಳುತ್ತೆ. ಹಾಗಾಗಿ ಬಾಡಿ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಕೊಳ್ಳುವ ಮೊದಲು ಆ ಮೌಂಟ್‌ಗೆ ಬೇರೆ ಕಂಪನಿಯ ಅಗ್ಗದ ಲೆನ್ಸ್ ಎಷ್ಟಿವೆ ನೋಡಿ. ಸೋನಿ ಇ ಮೌಂಟ್‌ಗೆ ಬೇಕಾದಷ್ಟಿವೆ. ಕ್ಯಾನನ್ ತನ್ನ ಆರ್‌ಎಫ್ ಮೌಂಟ್ ಬಾಗಿಲು ಬಿಗಿ ಹಿಡಿದಿತ್ತು, ಸಿಗ್ಮಾ, ಟ್ಯಾಮ್ರಾನ್‌ಗೆ ಅಧಿಕೃತವಾಗಿ ದಾರಿ ಬಿಟ್ಟದ್ದು 2024ರಲ್ಲಿ. ಬಾಗಿಲು ಮುಚ್ಚಿದ ಮಾರುಕಟ್ಟೆಯಲ್ಲಿ ದಂಡ ತೆರುವವರು ಯಾರು ಅಂತ ನಿಮಗೆ ಹೇಳಬೇಕಿಲ್ಲ.

ಟೆಲಿ ಲೆನ್ಸ್ ವರ್ಷಕ್ಕೆ ನಾಲ್ಕು ಸಲ ಬೇಕಾಗುವ ವಸ್ತು. ಊರಿನ ಮದುವೆ ಫೋಟೊಗ್ರಾಫರ್ ಹತ್ರ ಬಾಡಿಗೆಗೆ ಕೇಳಿ, ಇಲ್ಲವೇ ನಾಲ್ಕೈದು ಗೆಳೆಯರು ಪಟ್ಟಿ ಹಾಕಿ ಒಂದು ಕೊಳ್ಳಿ. ಸೆಕೆಂಡ್ ಹ್ಯಾಂಡ್ ಲೆನ್ಸ್ ಆದರೆ ಮೊಬೈಲ್ ಟಾರ್ಚ್ ಹಿಡಿದು ಒಳಗೆ ಜೇಡನ ಬಲೆಯಂಥ ಫಂಗಸ್ ಇದೆಯಾ ನೋಡಿ. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಮುಂದೆ ಕನ್ನಡಿಯ ಮರೆ ಇರಲ್ಲ. ನಮ್ಮ ಕೆಂಪು ಧೂಳಿನ ದಾರಿಯಲ್ಲಿ ಲೆನ್ಸ್ ಬದಲಿಸುವಾಗ ಕ್ಯಾಮೆರಾ ಬಾಯಿ ಕೆಳಗೆ ಮಾಡಿ, ಬೆನ್ನು ಗಾಳಿಗೆ ಕೊಟ್ಟು ನಿಲ್ಲಿ. ಜಾತ್ರೆಯ ಭಂಡಾರದಲ್ಲಂತೂ ಬದಲಿಸಲೇಬೇಡಿ.

ಮೈಸೂರಿನ ಟಿ.ಎಸ್. ಸತ್ಯನ್ ದಶಕಗಳ ಕಾಲ ಸಾಮಾನ್ಯ ಜನರ ಬದುಕನ್ನೇ ಹುಡುಕಿಕೊಂಡು ಹೋಗಿ ತೆಗೆದವರು. ಅವರ ಫೋಟೊಗಳನ್ನು ನೋಡಿ. ಆ ಮಕ್ಕಳು, ಆ ಅಜ್ಜಿಯರು ಮಾತಾಡುವ ದೂರದಲ್ಲೇ ಇದ್ದಾರೆ ಅನಿಸುತ್ತದೆ.

ಹಾಗಾಗಿ ಈ ತಿಂಗಳು ಏನೂ ಕೊಳ್ಳಬೇಡಿ. ಕಿಟ್ ಲೆನ್ಸನ್ನು 30 ಎಂಎಂಗೆ ತಿರುಗಿಸಿ ಅಲ್ಲೇ ಟೇಪ್ ಸುತ್ತಿ, ಇಲ್ಲಾಂದ್ರೆ ಝೂಮ್ ಮುಟ್ಟಲ್ಲ ಅಂತ ನಿಮಗೆ ನೀವೇ ಮಾತು ಕೊಟ್ಟುಕೊಳ್ಳಿ. ನಿಮ್ಮೂರಿನ ಹತ್ತು ಜನರ ಹತ್ತಿರ ಹೋಗಿ, ಹೆಸರು ಕೇಳಿ, ಫೋಟೊ ತೆಗೀರಿ, ತೆಗೆದದ್ದನ್ನು ಅವರಿಗೇ ತೋರಿಸಿ. ಹತ್ತನೆಯವರ ಹೊತ್ತಿಗೆ ಯಾವ ಲೆನ್ಸ್ ಬೇಕು ಅಂತ ನನ್ನನ್ನು ಕೇಳುವ ಅಗತ್ಯ ನಿಮಗಿರಲ್ಲ.