ಸಿಪ್ಪೆಗೂ ಹಡಗಿಗೂ ಒಂದೇ ಹೆಸರು

ಬೆಳೆಗಾರ ಬಂಧುಗಳಿಗೆ 'ಹಲ್ಲರ್' ಹೊಸ ಮಾತಲ್ಲ. ಭತ್ತದಿಂದ ಅಕ್ಕಿ ಮಾಡುವ ಯಂತ್ರಕ್ಕೂ, ಒಣಗಿದ ಚೆರಿ ಕಾಫಿಯ ಸಿಪ್ಪೆ ಬಿಡಿಸುವ ಯಂತ್ರಕ್ಕೂ ನಮ್ಮಲ್ಲಿ ಅದೇ ಹೆಸರು. ಕೇಳಿದೊಡನೆ ಬಾಯಿಯ ಹಲ್ಲು ನೆನಪಾದರೂ ಹಲ್ಲಿಗೂ ಹಲ್ಲರಿಗೂ ನಂಟಿಲ್ಲ. ಇಂಗ್ಲಿಷಿನಲ್ಲಿ 'ಹಲ್' ಎಂದರೆ ಬೀಜದ ಹೊರಸಿಪ್ಪೆ. ಅದನ್ನು ತೆಗೆಯುವ ಕೆಲಸ ಹಲ್ಲಿಂಗ್, ತೆಗೆಯುವ ಯಂತ್ರ ಹಲ್ಲರ್.

ನಮ್ಮ ಕಾಫಿ ಘಟ್ಟವಿಳಿದು ಮಂಗಳೂರಿನ ಬಂದರು ಸೇರಿದಾಗ ಇದೇ ಪದಕ್ಕೆ ಬೇರೆ ಅರ್ಥ. ಅಲ್ಲಿ ಹಲ್ ಎಂದರೆ ಹಡಗಿನ ಒಡಲು. ಹಾಯಿ, ಕಂಬ, ಯಂತ್ರ ಎಲ್ಲವನ್ನೂ ಬಿಟ್ಟರೆ ನೀರಿನ ಮೇಲೆ ತೇಲುವ ಚಿಪ್ಪು ಯಾವುದೋ ಅದು.

ಸಿಪ್ಪೆ ಎಂಬ ಅರ್ಥವೇ ಹಳೆಯದು. ಹಳೆಯ ಇಂಗ್ಲಿಷಿನಲ್ಲಿ ಆ ಪದದ ರೂಪ 'ಹುಲು'. ಅದರ ಮೂಲದಲ್ಲಿರುವುದು ಮುಚ್ಚು, ಮರೆಮಾಡು ಎಂಬ ಭಾವ. ಹಡಗಿನ ಅರ್ಥ ಕಾಣಿಸಿಕೊಂಡದ್ದು 16ನೆಯ ಶತಮಾನದಲ್ಲಿ. ಬಿರಿದ ಬಟಾಣಿ ಕಾಯಿಯ ಸಿಪ್ಪೆ ಹಡಗಿನ ಒಡಲಿನಂತೆಯೇ ಕಾಣುವುದರಿಂದ ಹೆಸರು ಅಲ್ಲಿಗೂ ಹೋಯಿತೆಂದು ಕೆಲವರ ಮತ. ಹಡಗಿನ ಒಳಪೊಳ್ಳನ್ನು ಹೇಳುವ ಬೇರೊಂದು ಪದವೇ ಹೀಗಾಯಿತೆಂದು ಇನ್ನು ಕೆಲವರು. ಮೊದಲನೆಯ ಮತಕ್ಕೆ ಬೇರೆ ಭಾಷೆಗಳ ಸಾಕ್ಷಿಯುಂಟು. ಲ್ಯಾಟಿನ್ನಿನ 'ಕರೀನಾ' ಕಾಯಿಯ ಚಿಪ್ಪೂ ಹೌದು, ಹಡಗಿನ ಅಡಿಮರವೂ ಹೌದು. ಫ್ರೆಂಚಿನ 'ಕೋಕ್' ಮೊಟ್ಟೆಯ ಚಿಪ್ಪೂ ಹೌದು, ಹಡಗಿನ ಒಡಲೂ ಹೌದು. ತೋಟದ ಹಳ್ಳದಲ್ಲಿ ಅಡಿಕೆ ಹಾಳೆಯನ್ನು ದೋಣಿಯೆಂದು ತೇಲಿಬಿಟ್ಟು ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಎರಡು ಅರ್ಥಗಳೂ ನಮ್ಮ ಕಾಫಿಯ ಇತಿಹಾಸದಲ್ಲಿಯೇ ಒಂದುಗೂಡಿವೆ. ಹಿಂದೆ ಸಿಪ್ಪೆ ಕಳಚಿದ ಕಾಫಿ ಬೀಜ ಮರದ ಹಾಯಿಹಡಗಿನ ಒಡಲು ಸೇರಿ, ಗುಡ್‌ಹೋಪ್ ಭೂಶಿರವನ್ನು ಬಳಸಿಕೊಂಡು ತಿಂಗಳುಗಟ್ಟಲೆ ಪ್ರಯಾಣ ಮಾಡಿ ಯುರೋಪು ತಲುಪುತ್ತಿತ್ತು. ತನ್ನ ಹೊದಿಕೆ ಕಳೆದುಕೊಂಡ ಬೀಜಕ್ಕೆ ಹಡಗಿನ ಹೊದಿಕೆ ಸಾಲದಾಯಿತು. ಕಡಲಿನ ತೇವ ಹೀರಿ ಬೀಜ ಉಬ್ಬಿತು, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗಿತು, ಹುಳಿ ಇಳಿಯಿತು. ಕೊಳ್ಳುವವರಿಗೆ ಆ ರುಚಿಯೇ ಒಗ್ಗಿಹೋಯಿತು! 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳೂ ಬಂದು ಪ್ರಯಾಣ ಮೊಟಕಾದಾಗ ಆ ರುಚಿ ಮಾಯವಾಯಿತು. ಅದನ್ನು ಮರಳಿ ತರಲು ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರಡುವ ಕ್ರಮ ಬಂತು. ಅದೇ ಇಂದಿನ 'ಮಾನ್ಸೂನ್ಡ್ ಮಲಬಾರ್'.

ಆದರೆ ಅಲ್ಲಿ ತೇವ ಕೊಡುವುದು ಲೆಕ್ಕವಿಟ್ಟು, ದಿನವೂ ಕೈಯಾಡಿಸಿ. ನಮ್ಮ ಉಗ್ರಾಣದಲ್ಲಿ ತಾನಾಗಿ ಹತ್ತುವ ತೇವದಿಂದ ಬರುವುದು ಹೊಂಬಣ್ಣವಲ್ಲ, ಬೂಷ್ಟು. 50 ಕಿಲೋ ಒಣ ಚೆರಿಯಲ್ಲಿ ಸುಮಾರು ಅರ್ಧ ತೂಕ ಸಿಪ್ಪೆಯದೇ. ಔಟ್‌ಟರ್ನ್ ನೋಡಿದಾಗ 'ಅರ್ಧ ಹೊಟ್ಟಿಗೇ ಹೋಯಿತಲ್ಲ' ಎಂದು ಮನಸ್ಸು ಚುರುಕ್ಕೆನ್ನುವುದು ಸಹಜ. ಆದರೆ ಆ ಹೊಟ್ಟು ಅಷ್ಟು ದಿನ ಬೀಜವನ್ನು ಕಾದಿತ್ತೆಂಬುದನ್ನು ಮರೆಯಬಾರದು. ಚಾಲಿ ಅಡಿಕೆಯನ್ನು ಸುಮಾರು 40 ದಿನ ಸಿಪ್ಪೆ ಸಹಿತವಾಗಿಯೇ ಅಂಗಳದಲ್ಲಿ ಒಣಗಿಸಿ, ಅನಂತರವೇ ಸುಲಿಯುವ ನಮ್ಮ ಹಿರಿಯರ ರೂಢಿಯಲ್ಲೂ ಈ ತಿಳಿವಳಿಕೆಯಿದೆ.

ಆದುದರಿಂದ ಸದಸ್ಯರು ಕಾಫಿಯನ್ನು ಸರಿಯಾಗಿ ಒಣಗಿಸಿ, ಚೆರಿಯಾಗಿಯೋ ಪಾರ್ಚ್‌ಮೆಂಟಾಗಿಯೋ ಇಟ್ಟುಕೊಂಡು, ಮಾರಾಟದ ಸಮಯ ಹತ್ತಿರವಾದಾಗಲೇ ಹಲ್ಲಿಂಗ್ ಮಾಡಿಸುವುದು ಲೇಸು. ಅರೆ ಒಣಗಿದ್ದು ಯಂತ್ರದಲ್ಲಿ ಜಜ್ಜಿಹೋಗುತ್ತದೆ, ಅತಿಯಾಗಿ ಒಣಗಿದ್ದು ಒಡೆಯುತ್ತದೆ. ದಡ ಸೇರುವ ಮೊದಲೇ ದೋಣಿಯಿಂದ ಇಳಿಯುವವರುಂಟೇ? ಬೀಜಕ್ಕೆ ಅದರ ಸಿಪ್ಪೆಯೇ ದೋಣಿ.