ಅಗಸ್ತ್ಯನ ಕೆಳಗಿರುವ ಪುಟ್ಟ ಗ್ಯಾಲಕ್ಸಿ

ಜನವರಿ ಕೊನೆಯ ವಾರ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಅಗಸ್ತ್ಯ ನಕ್ಷತ್ರ ಫಳಫಳ ಹೊಳೆಯುತ್ತಿರುತ್ತದೆ. ಅದರ ಕೆಳಗೆ, ದಿಗಂತಕ್ಕೆ ತೀರಾ ಹತ್ತಿರದಲ್ಲಿ, ಇನ್ನೊಂದು ಗ್ಯಾಲಕ್ಸಿಯೇ ಇದೆ. ಹೆಸರು ದೊಡ್ಡ ಮೆಗೆಲ್ಲನ್ ಮೋಡ. ಬೆಂಗಳೂರು, ಮಂಗಳೂರುಗಳಲ್ಲಿ ಅದು ಏಳೆಂಟು ಡಿಗ್ರಿಗಿಂತ ಮೇಲೇರುವುದಿಲ್ಲ. ದೂಳು, ಊರ ದೀಪಗಳ ಬೆಳಕು ಅದನ್ನು ನುಂಗಿಬಿಡುತ್ತವೆ. ಚಿಲಿ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಕಗ್ಗತ್ತಲ ಬಯಲುಗಳಲ್ಲಿ ಮಾತ್ರ ಬರಿಗಣ್ಣಿಗೇ ಕಾಣುತ್ತದೆ, ಆಕಾಶಗಂಗೆಯಿಂದ ಹರಿದು ಬಿದ್ದ ಹತ್ತಿಯ ತುಣುಕಿನಂತೆ.

1519ರಲ್ಲಿ ಹೊರಟ ಮೆಗೆಲ್ಲನ್‌ನ ನೌಕಾಯಾನದಿಂದ ಯುರೋಪಿಗೆ ಇದರ ಸುದ್ದಿ ಹೆಚ್ಚು ಹಬ್ಬಿತು. ಹೆಸರು ಹಾಗೆಯೇ ಅಂಟಿಕೊಂಡಿತು. ದಕ್ಷಿಣ ಗೋಳಾರ್ಧದ ಜನರಿಗೆ ಮಾತ್ರ ಅದು ಸಾವಿರಾರು ವರ್ಷಗಳ ಪರಿಚಯ.

ಇದರ ದೂರ ಸುಮಾರು 1.6 ಲಕ್ಷ ಜ್ಯೋತಿರ್ವರ್ಷ. ಅಡ್ಡಗಲ 30 ಸಾವಿರ ಜ್ಯೋತಿರ್ವರ್ಷಗಳ ಆಸುಪಾಸು, ಅಂದರೆ ನಮ್ಮ ಆಕಾಶಗಂಗೆಯ ಮೂರನೇ ಒಂದು ಭಾಗದಷ್ಟು. ಅದಕ್ಕೇ ಇದನ್ನು ಕುಬ್ಜ ಗ್ಯಾಲಕ್ಸಿಗಳ ಸಾಲಿಗೆ ಸೇರಿಸುತ್ತಾರೆ. ಬಹಳ ಕಾಲ ಇದಕ್ಕೆ ನಿರ್ದಿಷ್ಟ ಆಕಾರವೇ ಇಲ್ಲ ಎಂದೇ ಭಾವಿಸಿದ್ದರು. 1950ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿದ್ದ ಜೆರಾರ್ ದ ವೋಕುಲರ್ ಆ ಗೊಂದಲದೊಳಗೆ ಒಂದು ಸುರುಳಿಯನ್ನು ಗುರುತಿಸಿದರು. ನಡುವೆ ನಕ್ಷತ್ರಗಳ ಉದ್ದನೆಯ ಪಟ್ಟಿ, ಅದರಿಂದ ಹೊರಟ ಒಂದೇ ಒಂದು ಪ್ರಮುಖ ತೋಳು! ಪಟ್ಟಿಯೂ ಸರಿಯಾಗಿ ನಟ್ಟನಡುವೆ ಇಲ್ಲ, ಒಂದು ಬದಿಗೆ ಸರಿದಿದೆ. ಇಂಥ ಗ್ಯಾಲಕ್ಸಿಗಳು ಇನ್ನೂ ಅನೇಕ ಸಿಕ್ಕಿವೆ. ಅವಕ್ಕೆಲ್ಲ ಈಗ ಮೆಗೆಲ್ಲನ್ ಮಾದರಿಯ ಸುರುಳಿಗಳು ಎಂದೇ ಹೆಸರು.

ಈ ಓರೆಗೆ ಮುಖ್ಯ ಕಾರಣ ಪಕ್ಕದ ಚಿಕ್ಕ ಮೆಗೆಲ್ಲನ್ ಮೋಡ ಎಂಬುದು ಖಗೋಳಜ್ಞರ ವಿವರಣೆ. ಇವೆರಡೂ ಕೋಟ್ಯಂತರ ವರ್ಷಗಳಿಂದ ಒಂದನ್ನೊಂದು ಗುರುತ್ವದಿಂದ ಜಗ್ಗುತ್ತಿವೆ. ಜಗ್ಗಾಟದಲ್ಲಿ ಕಳಚಿಕೊಂಡ ಅನಿಲ ಆಕಾಶದ ಉದ್ದಕ್ಕೂ ಹರಿದಿದೆ. ಅದೇ ಮೆಗೆಲ್ಲನ್ ಪ್ರವಾಹ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅನ್ನಪೂರ್ಣಿ ಸುಬ್ರಮಣಿಯಮ್ ಈ ಎರಡು ಮೋಡಗಳ ರಚನೆಯನ್ನು ದೀರ್ಘಕಾಲ ಅಧ್ಯಯನ ಮಾಡಿದವರು.

ಅನಿಲ ಕಲಕಿದಲ್ಲೆಲ್ಲ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಇಲ್ಲಿನ ಟ್ಯಾರಂಟುಲಾ ನೀಹಾರಿಕೆ ನಮ್ಮ ನೆರೆಹೊರೆಯ ಗ್ಯಾಲಕ್ಸಿಗಳಲ್ಲೇ ಅತ್ಯಂತ ಬಿರುಸಾದ ನಕ್ಷತ್ರ ಹೆರಿಗೆಮನೆ. ಅದರೊಳಗಿನ ಒಂದು ನಕ್ಷತ್ರದ ದ್ರವ್ಯರಾಶಿ ಸೂರ್ಯನ ಸುಮಾರು ಇನ್ನೂರು ಪಟ್ಟು. ಇಲ್ಲಿನ ಅನಿಲದಲ್ಲಿ ಕಬ್ಬಿಣ, ಆಮ್ಲಜನಕದಂಥ ಭಾರ ಮೂಲವಸ್ತುಗಳ ಪ್ರಮಾಣ ಸೂರ್ಯನಲ್ಲಿರುವುದರ ಅರ್ಧದಷ್ಟೇ. ಇಂಥ ಮೂಲವಸ್ತುಗಳು ಇನ್ನೂ ವಿರಳವಾಗಿದ್ದ ಎಳೆಯ ವಿಶ್ವದಲ್ಲಿ ನಕ್ಷತ್ರಗಳು ಹೇಗೆ ರೂಪುಗೊಂಡವು ಎಂದು ಹುಡುಕುವವರು ಇತ್ತ ನೋಡುವುದು ಅದಕ್ಕಾಗಿಯೇ.

ಹತ್ತಿರವಿದ್ದುದರ ದೊಡ್ಡ ಲಾಭ ಸಿಕ್ಕಿದ್ದು ದೂರದ ಅಳತೆಯ ವಿಷಯದಲ್ಲಿ. ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟಾ ಲೆವಿಟ್ ಎರಡೂ ಮೋಡಗಳ ಛಾಯಾಫಲಕಗಳನ್ನು ಪರಿಶೀಲಿಸಿ, ಬೆಳಕು ಏರಿಳಿಯುವ 1,777 ನಕ್ಷತ್ರಗಳ ಪಟ್ಟಿಯನ್ನು 1908ರಲ್ಲಿ ಪ್ರಕಟಿಸಿದರು. 1912ರಲ್ಲಿ ಚಿಕ್ಕ ಮೋಡದ 25 ಸೆಫೀಡ್ ನಕ್ಷತ್ರಗಳಲ್ಲಿ ಒಂದು ನಿಯಮ ಕಂಡುಕೊಂಡರು: ಏರಿಳಿತಕ್ಕೆ ಹೆಚ್ಚು ದಿನ ಹಿಡಿದಷ್ಟೂ ನಕ್ಷತ್ರದ ಪ್ರಕಾಶ ಹೆಚ್ಚು. ಮೋಡದೊಳಗಿನ ನಕ್ಷತ್ರಗಳೆಲ್ಲ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಇರುವುದರಿಂದಲೇ ಈ ಹೋಲಿಕೆ ಸಾಧ್ಯವಾಯಿತು. ಇದೇ ನಿಯಮ ಹಿಡಿದು ಎಡ್ವಿನ್ ಹಬಲ್ 1920ರ ದಶಕದಲ್ಲಿ ಆಂಡ್ರೊಮೆಡಾ ನಮ್ಮ ಗ್ಯಾಲಕ್ಸಿಯ ಆಚೆಗಿದೆ ಎಂದು ತೋರಿಸಿಕೊಟ್ಟರು.

1987ರ ಫೆಬ್ರವರಿ 23–24ರ ರಾತ್ರಿ. ಚಿಲಿಯ ಲಾಸ್ ಕಂಪಾನಾಸ್ ವೀಕ್ಷಣಾಲಯದಲ್ಲಿ ಇಯಾನ್ ಶೆಲ್ಟನ್ ಈ ಗ್ಯಾಲಕ್ಸಿಯ ಫೋಟೊ ತೆಗೆದು ಫಲಕವನ್ನು ತೊಳೆದಾಗ, ಇರಬಾರದ ಕಡೆ ಒಂದು ಪ್ರಖರ ಚುಕ್ಕೆ. ಫಲಕದ ದೋಷವಿರಬಹುದೇ ಎಂದು ಹೊರಗೆ ಬಂದು ತಲೆ ಎತ್ತಿದರೆ, ಚುಕ್ಕೆ ಆಕಾಶದಲ್ಲೂ ಇತ್ತು! ಅಲ್ಲೇ ಕೆಲಸ ಮಾಡುತ್ತಿದ್ದ ಆಸ್ಕರ್ ದುಹಾಲ್ಡೆ ಅದೇ ರಾತ್ರಿ ಅದನ್ನು ಬರಿಗಣ್ಣಿನಿಂದ ನೋಡಿದ್ದರು. ಕೆಪ್ಲರ್ ಕಂಡ 1604ರ ಸ್ಫೋಟದ ನಂತರ ಬರಿಗಣ್ಣಿಗೆ ಅಷ್ಟು ಚೆನ್ನಾಗಿ ಕಂಡ ಸೂಪರ್‌ನೋವಾ ಇದೇ. ಬೆಳಕಿಗಿಂತ ಕೆಲವು ಗಂಟೆ ಮೊದಲೇ ಜಪಾನ್, ಅಮೆರಿಕ, ಸೋವಿಯತ್ ಒಕ್ಕೂಟದ ನೆಲದಡಿಯ ಉಪಕರಣಗಳಲ್ಲಿ ಸುಮಾರು ಎರಡು ಡಜನ್ ನ್ಯೂಟ್ರಿನೋಗಳು ದಾಖಲಾಗಿದ್ದವು. ನಕ್ಷತ್ರದ ಒಡಲು ಕುಸಿದದ್ದಕ್ಕೆ ಅದು ನೇರ ಸಾಕ್ಷಿ. ಜಪಾನಿನ ಪ್ರಯೋಗವನ್ನು ನಡೆಸಿದ ಮಸತೋಶಿ ಕೊಶಿಬಾ 2002ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡರು. ಆ ಸ್ಫೋಟದ ಅವಶೇಷದ ನಡುವೆ ನ್ಯೂಟ್ರಾನ್ ನಕ್ಷತ್ರ ಇರುವ ಕುರುಹುಗಳನ್ನು ವೆಬ್ ದೂರದರ್ಶಕ 2024ರಲ್ಲಿ ಮುಂದಿಟ್ಟಿತು.

ಕುಬ್ಜ ಎಂದರೂ ಕಾಣದ ದ್ರವ್ಯವನ್ನೂ ಸೇರಿಸಿದರೆ ಇದರ ತೂಕ ಆಕಾಶಗಂಗೆಯ ಹತ್ತನೇ ಒಂದು ಭಾಗಕ್ಕೂ ಹೆಚ್ಚಿರಬಹುದು. ಸೆಕೆಂಡಿಗೆ 300 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುತ್ತ ಅದು ನಮ್ಮ ಗ್ಯಾಲಕ್ಸಿಯನ್ನೂ ತನ್ನತ್ತ ಎಳೆಯುತ್ತಿದೆ. 2019ರ ಒಂದು ಲೆಕ್ಕಾಚಾರದ ಪ್ರಕಾರ ಸುಮಾರು 240 ಕೋಟಿ ವರ್ಷಗಳಲ್ಲಿ ಇವೆರಡೂ ಡಿಕ್ಕಿಯಾಗಲಿವೆ. ಆಗ ಒಳಬರುವ ಅನಿಲ ನಮ್ಮ ಗ್ಯಾಲಕ್ಸಿಯ ನಡುವೆ ಈಗ ಸುಮ್ಮನಿರುವ ಕಪ್ಪುಕುಳಿಗೆ ಆಹಾರವಾಗಿ, ಅದು ಇಂದಿನ ಗಾತ್ರದ ಹಲವು ಪಟ್ಟು ಬೆಳೆಯಬಹುದು.