ನನಗೆ ಜಾಗರಣೆ ಇಲ್ಲ

ಬೈಪೋಲಾರ್ ಅಂದ ಕೂಡಲೇ ‘ನಂಗೂ ಮೂಡ್ ಸ್ವಿಂಗ್ ಆಗುತ್ತಪ್ಪ, ಬೆಳಿಗ್ಗೆ ಒಂಥರಾ, ಸಂಜೆ ಒಂಥರಾ’ ಅನ್ನೋರು ಸಿಗುತ್ತಾರೆ. ಇದು ಬೆಳಿಗ್ಗೆ-ಸಂಜೆಯ ಲೆಕ್ಕ ಅಲ್ಲ. ಏರು ಶುರುವಾದರೆ ವಾರಗಟ್ಟಲೆ, ಇಳಿದರೆ ತಿಂಗಳುಗಟ್ಟಲೆ. ಏರಿನಲ್ಲಿ ಮೂರು ಗಂಟೆ ನಿದ್ದೆ ಸಾಕು, ಸುಸ್ತೇ ಇಲ್ಲ. ಬಾಯಲ್ಲಿ ಮಾತು ನಿಲ್ಲಲ್ಲ, ಕಾರ್ಡಿನಲ್ಲಿ ದುಡ್ಡು ನಿಲ್ಲಲ್ಲ. ಆಗ ಇದು ಕಾಯಿಲೆ ಅಂತ ಅನ್ನಿಸೋದೇ ಇಲ್ಲ; ಆಫೀಸಿನಲ್ಲಿ ‘ಸೂಪರ್ ಎನರ್ಜಿ’ ಅಂತ ಬೆನ್ನು ಬೇರೆ ತಟ್ಟುತ್ತಾರೆ. ಡಾಕ್ಟರ ಹತ್ತಿರ ಹೋಗೋದು ಇಳಿದಾಗ. ಹಾಗಾಗಿ ಎಷ್ಟೋ ಜನಕ್ಕೆ ಮೊದಲು ಸಿಗೋ ಹೆಸರು ಖಿನ್ನತೆ. ಬರೀ ಖಿನ್ನತೆಯ ಮಾತ್ರೆ ಕೆಲವರಲ್ಲಿ ಏರನ್ನೇ ಎಬ್ಬಿಸಬಹುದು. ಅದಕ್ಕೇ ‘ತುಂಬಾ ಚೆನ್ನಾಗಿದ್ದ’ ದಿನಗಳ ಕಥೆಯನ್ನೂ ಡಾಕ್ಟರಿಗೆ ಹೇಳಬೇಕು.

ನನ್ನ ಮಾತ್ರೆ ಲಿಥಿಯಂ. ಉನ್ಮಾದಕ್ಕೆ ಇದು ಕೆಲಸ ಮಾಡುತ್ತೆ ಅಂತ 1949ರಲ್ಲಿ ಬರೆದವರು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್. (ಫೋನ್ ಬ್ಯಾಟರಿಯಲ್ಲಿರೋದೂ ಲಿಥಿಯಮ್ಮೇ. ‘ಚಾರ್ಜ್ ಆಯ್ತಾ ಅಕ್ಕ?’ ಅನ್ನೋದು ತಮ್ಮನ ದಿನದ ಜೋಕು.) ಆದರೆ ಮದ್ದಿಗೂ ವಿಷಕ್ಕೂ ಇಲ್ಲಿ ಅಂತರ ಕಮ್ಮಿ. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 0.8 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ಸಾಕು, 1.5 ದಾಟಿದರೆ ವಾಂತಿ, ಜೋರು ನಡುಕ, ತೊದಲು. ಕೊನೆಯ ಮಾತ್ರೆ ನುಂಗಿ 12 ಗಂಟೆ ಆದಮೇಲೆ ಪರೀಕ್ಷೆಗೆ ರಕ್ತ ಕೊಡಬೇಕು. ಜೊತೆಗೆ ಥೈರಾಯ್ಡ್, ಕಿಡ್ನಿ ಪರೀಕ್ಷೆ. ಮೈಕೈ ನೋವು ಅಂತ ಡಾಕ್ಟರನ್ನು ಕೇಳದೆ ಐಬುಪ್ರೊಫೆನ್ ನುಂಗುವ ಹಾಗಿಲ್ಲ.

ನೀರು, ಉಪ್ಪು ಕಮ್ಮಿಯಾದರೆ ಲಿಥಿಯಂ ಏರುತ್ತೆ. ನಿದ್ದೆ ಕೆಟ್ಟರೆ ನಾನೇ ಏರುತ್ತೇನೆ. ಹೀಗಾಗಿ ಶಿವರಾತ್ರಿಯ ಉಪವಾಸ, ಜಾಗರಣೆ ಎರಡೂ ನನಗಿಲ್ಲ. ನಮ್ಮಜ್ಜಿ ಮಡಿ-ಮೈಲಿಗೆಯಲ್ಲಿ ಬಲು ಬಿಗಿ. ಆದರೂ ‘ಶಿವ ಏನೂ ಅಂದುಕೊಳ್ಳಲ್ಲ, ಮಲ್ಕೋ ಹೋಗು’ ಅಂದರು. ಆಫೀಸನ್ನು ಒಪ್ಪಿಸೋದು ಶಿವನಷ್ಟು ಸುಲಭ ಇರಲಿಲ್ಲ. ರಾತ್ರಿ ಪಾಳಿ ಬೇಡ ಅಂತ ಡಾಕ್ಟರ ಚೀಟಿ ಕೊಟ್ಟೆ, ಪಾಳಿ ತಪ್ಪಿತು. ಆ ವರ್ಷದ ಪ್ರಮೋಷನ್ನೂ ತಪ್ಪಿತು. ಅಂದ ಹಾಗೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಮೈ ಕಾಯಿಲೆಗೆ ಇದ್ದ ಹಾಗೇ ಇದಕ್ಕೂ ವಿಮೆ ಇರಬೇಕು. ನಿಮ್ಮ ಪಾಲಿಸಿಯಲ್ಲಿ ಏನಿದೆ ಅಂತ ಒಮ್ಮೆ ಓದಿ. ಮಧ್ಯರಾತ್ರಿ ಯಾರೊಂದಿಗಾದರೂ ಮಾತಾಡಲೇಬೇಕು ಅನ್ನಿಸಿದರೆ ಸರ್ಕಾರದ ಟೆಲಿ-ಮಾನಸ್ ಇದೆ: 14416. ಕನ್ನಡದಲ್ಲೇ ಮಾತಾಡಬಹುದು.

ಅಮ್ಮನಿಗೂ ನನಗೂ ಒಂದು ಒಪ್ಪಂದ ಇದೆ. ಚೆನ್ನಾಗಿದ್ದಾಗಲೇ ಕೂತು ಬರೆದದ್ದು. ಸತತ ಎರಡು ರಾತ್ರಿ ನಾನು ಐದು ಗಂಟೆಗಿಂತ ಕಮ್ಮಿ ಮಲಗಿದರೆ ಕಾರ್ಡು ಅಮ್ಮನ ಕೈಗೆ, ನನ್ನನ್ನು ಕೇಳದೆ ಡಾಕ್ಟರಿಗೆ ಫೋನು. ಇದು ನನ್ನನ್ನು ಒಮ್ಮೆ ಆಸ್ಪತ್ರೆ ಸೇರೋದರಿಂದ ಉಳಿಸಿದೆ. ಆದರೆ ಕಾವಲು ಅಂದರೆ ಕಾವಲೇ. ಮೊನ್ನೆ ಗೆಳತಿಯ ಮದುವೆಯಲ್ಲಿ ಜೋರಾಗಿ ನಗುತ್ತಿದ್ದೆ, ಕುಣಿಯುತ್ತಲೂ ಇದ್ದೆ. ಅಮ್ಮ ದೂರದಿಂದ ನೋಡುತ್ತಿದ್ದಳು. ಖುಷಿಪಡೋಕೂ ಪರ್ಮಿಷನ್ ಬೇಕಾ ಅಂತ ಮೈಯೆಲ್ಲ ಉರೀತು. ಹತ್ತಿರ ಬಂದು ಮೆಲ್ಲಗೆ ಕೇಳಿದಳು:

‘ನಿನ್ನೆ ಎಷ್ಟು ಹೊತ್ತು ಮಲಗಿದ್ದೆ?’

‘ಏಳೂವರೆ ಗಂಟೆ.’

‘ಸರಿ ಹಾಗಾದ್ರೆ’ ಅಂದು ಸೆರಗು ಸಿಕ್ಕಿಸಿಕೊಂಡಳು. ‘ನಡಿ, ನಾನೂ ಕುಣೀತೀನಿ.’